ಮಂಗಳೂರಿನಿಂದ ಬಾಸೆಲಿಗೆ: ಆನಂದರಾಯ ಕೌಂಡಿನ್ಯರ ಚರಿತ್ರೆ

ಬೆಂಗಳೂರಿನ ದಂಡಿಗೆ ಹೋದವರಲ್ಲಿ ಕೆಲವರಾದರೂ ಮೇಯೋ ಹಾಲಿನ ಬಳಿ ಕಿಟ್ಟೆಲ್ ಪಂಡಿತರ ಪ್ರತಿಮೆಯನ್ನು ಕಂಡಿರಬಹುದು. ಬಾಸೆಲ್ ಪಟ್ಟಣದ ಮಿಶನ್ ಪಾಠಶಾಲೆಯಲ್ಲಿ ಕಲಿತ ಇವರು 1853ರಲ್ಲಿ ನಮ್ಮ ದೇಶಕ್ಕೆ ಬಂದು, ಕನ್ನಡವನ್ನು ಕೂಸಿನಂತೆ ಮೊದಲಿನಿಂದ ಕಲಿತು, 1894ರಲ್ಲಿ ಅದರ ದೊಡ್ಡ ನಿಘಂಟನ್ನು ಪ್ರಕಟಿಸಿದರು. ಇದನ್ನು ಬಲ್ಲವರು ಅನೇಕರುಂಟು. ಆದರೆ ಅವರು ಇಲ್ಲಿಗೆ ಬರುವುದಕ್ಕೆ ಏಳು ವರುಷ ಮುಂಚೆ ನಮ್ಮ ಕರಾವಳಿಯ ಯೌವನಸ್ಥನೊಬ್ಬನು ಇಲ್ಲಿಂದ ಅಲ್ಲಿಗೆ ಹೋಗಿ, ಅದೇ ಪಾಠಶಾಲೆಯಲ್ಲಿ ವಿದ್ಯಾರ್ಥಿಯಾಗಿ ಕುಳಿತನೆಂಬದು ಅಷ್ಟಾಗಿ ತಿಳಿದಿಲ್ಲ. ಅವರೇ ಆನಂದರಾಯ ಕೌಂಡಿನ್ಯರು.

ಆನಂದರಾಯರು 1825ರಲ್ಲಿ ಮಂಗಳೂರಿನ ಸಾರಸ್ವತ ಬ್ರಾಹ್ಮಣರ ಮನೆತನದಲ್ಲಿ ಹುಟ್ಟಿದರು. ಅವರು ಒಂಬತ್ತು ವರುಷದ ಹುಡುಗರಾಗಿದ್ದಾಗ, ಅಂದರೆ 1834ರಲ್ಲಿ, ಬಾಸೆಲ್ ಮಿಶನಿನ ಮೊದಲನೆಯ ಬೋಧಕರು ಆ ಊರಿಗೆ ಬಂದಿಳಿದರು. ಎರಡು ವರುಷಗಳ ಮೇಲೆ ಹರ್ಮನ್ ಮೊಗ್ಲಿಂಗರು ಬಂದರು. ಇವರೇ 1843ರಲ್ಲಿ ಕನ್ನಡದ ಮೊದಲನೆಯ ಪತ್ರಿಕೆಯಾದ ಮಂಗಳೂರ ಸಮಾಚಾರವನ್ನು ಹೊರಡಿಸಿದವರು. ಮಿಶನಿನವರ ಇಂಗ್ಲಿಷ್ ಶಾಲೆಯಲ್ಲಿ ಕಲಿಯುತ್ತಿದ್ದ ಆನಂದರಾಯರ ಮನಸ್ಸಿನಲ್ಲಿ ಓದಿನ ಸಂಗಡ ಪ್ರಶ್ನೆಗಳೂ ಬೆಳೆದವು. ಕಡೆಗೆ 1844ನೆಯ ಜನವರಿ 6ನೆಯ ತಾರೀಖಿನಲ್ಲಿ ಅವರು ದೀಕ್ಷಾಸ್ನಾನ ಹೊಂದಿ, ತಮ್ಮ ಗುರುಗಳ ಹೆಸರಾದ ಹರ್ಮನ್ ಎಂಬದನ್ನು ತಮ್ಮ ಹೆಸರಿನೊಂದಿಗೆ ಸೇರಿಸಿಕೊಂಡರು.

ಇದರಿಂದ ಮಂಗಳೂರಿನಲ್ಲಿ ದೊಡ್ಡ ಗದ್ದಲವೆದ್ದಿತು. ಅವರಿಗೆ ಆಗಲೇ ಮದುವೆಯಾಗಿತ್ತು. ಹೆಂಡತಿಯಾದ ಲಕ್ಷ್ಮಿಯು ಅವರ ಕೂಡ ಬರಲಿಲ್ಲ. ಹುಟ್ಟಿದ ಮನೆ, ಜಾತಿಯ ಪಂಕ್ತಿ, ಕೈಹಿಡಿದವಳ ಸಂಗಡ ಕಟ್ಟಬೇಕೆಂದಿದ್ದ ಸಂಸಾರ, ಇವೆಲ್ಲವೂ ಒಮ್ಮೆಗೇ ದೂರವಾದವು. ಆ ಹುಡುಗಿಯ ಪಾಲಿಗೆ ಬಂದ ದುಃಖವನ್ನು ಸಹ ನಾವು ಮರೆಯಬಾರದು. ಆನಂದರಾಯರ ಮಾರ್ಗವನ್ನು ಆಕೆಯು ಆರಿಸಿಕೊಂಡಿರಲಿಲ್ಲ. ಆದರೂ ಅದರ ಭಾರವು ಆಕೆಯ ಮೇಲೆಯೂ ಬಿತ್ತು.

ಮೊಗ್ಲಿಂಗರು ತಮ್ಮ ದೇಶಕ್ಕೆ ಹೋಗುವಾಗ ಈ ಶಿಷ್ಯನನ್ನು ಕರಕೊಂಡು ಹೋದರು. ಸೂಯೆಜ್ ಕಾಲುವೆಯು 1869ರಲ್ಲಿ ತೆರೆಯಿತಾದ್ದರಿಂದ, ಆ ಕಾಲದಲ್ಲಿ ಯುರೋಪಿಗೆ ಹೋಗುವದು ಈಗಿನಂಥ ಪ್ರಯಾಣವಾಗಿರಲಿಲ್ಲ. ಸಮುದ್ರ ದಾಟಿದವನು ಜಾತಿಗೆ ಹೊರಗೆಂಬ ಮಾತು ಬಲವಾಗಿದ್ದ ದಿನಗಳವು. ಹೀಗೆ ಆನಂದರಾಯರು 1846ರಲ್ಲಿ, ಸುಮಾರು ಇಪ್ಪತ್ತೊಂದು ವರುಷ ಪ್ರಾಯದಲ್ಲಿ, ರೈನ್ ನದಿಯ ದಡದ ಬಾಸೆಲ್ ಪಟ್ಟಣದ ಮಿಶನ್ ಪಾಠಶಾಲೆಯನ್ನು ಸೇರಿದರು.

ಅಲ್ಲಿ ಕುಳಿತ ಮೊದಲನೆಯ ದಿನವನ್ನು ಸ್ವಲ್ಪ ಧ್ಯಾನಿಸೋಣ. ಪಾಠಗಳು ನಡೆಯುತ್ತಿದ್ದದ್ದು ಜರ್ಮನ್ ಭಾಷೆಯಲ್ಲಿ. ಇವರ ಮನೆಮಾತು ಕೊಂಕಣಿ, ಊರಿನ ವಿದ್ಯೆಯ ಭಾಷೆ ಕನ್ನಡ, ಶಾಲೆಯಲ್ಲಿ ಕಲಿತದ್ದು ಇಂಗ್ಲಿಷ್. ಈ ಮೂರರಲ್ಲಿ ಒಂದೂ ಆ ಕೋಣೆಯಲ್ಲಿ ಪಾಠದ ಭಾಷೆಯಾಗಿರಲಿಲ್ಲ. ಸತ್ಯವೇದವನ್ನು ಮೂಲದಲ್ಲಿ ಓದುವದಕ್ಕೆ ಗ್ರೀಕ್ ಮತ್ತು ಇಬ್ರಿಯ ಭಾಷೆಗಳು ಬೇರೆ ಕಾದಿದ್ದವು. ಸಂಗಡ ಕೂತವರಲ್ಲಿ ಹೆಚ್ಚಿನವರು ವುರ್ಟೆಂಬರ್ಗ್ ಸೀಮೆಯ ಒಕ್ಕಲಿಗರ ಮತ್ತು ಕೈಕಸಬಿನವರ ಮಕ್ಕಳು. ಓದಿನೊಂದಿಗೆ ಕೈಕೆಲಸವನ್ನೂ ಮಾಡಬೇಕೆಂಬದು ಆ ಮನೆಯ ಕಟ್ಟಳೆ. ಮಂಗಳೂರಿನಲ್ಲಿ ಬೇರೆ ಜಾತಿಯವರೊಡನೆ ಒಂದೇ ಪಂಕ್ತಿಯಲ್ಲಿ ಉಣ್ಣದ ಮನೆತನದವರು ಇಲ್ಲಿ ಬಡಗಿಯ ಮಗನ ಪಕ್ಕದಲ್ಲಿ ಕೂತು ಪಾಠ ಕೇಳಬೇಕಾಯಿತು. ಒಂದೇ ಮೇಜಿನಲ್ಲಿ ಉಣ್ಣಬೇಕಾಯಿತು. ಪುಸ್ತಕದ ಪಾಠಕ್ಕಿಂತ ಇದೇ ದೊಡ್ಡ ಪಾಠವಾಗಿತ್ತೆಂದು ಅವರ ಮುಂದಿನ ಜೀವಿತವು ತೋರಿಸುತ್ತದೆ.

ಮೊಗ್ಲಿಂಗರು ಹಿಂದೂದೇಶಕ್ಕೆ ಹಿಂತಿರುಗಿದ ಮೇಲೆ ಶಿಷ್ಯನು ಒಂಟಿಯಾಗಿ ಉಳಿದನು. ತನ್ನ ಊರಿನ ಗಾಳಿಯನ್ನು ಬಲ್ಲವರು, ತನ್ನ ನಾಡಿನ ಮಾತನ್ನಾಡುವವರು ಹತ್ತಿರವಿಲ್ಲದೆ ಪರದೇಶದಲ್ಲಿ ವರುಷಗಳನ್ನು ಕಳೆಯುವದು ಸುಲಭವಲ್ಲ. ಆದರೂ ಅವರು ಓದನ್ನು ಅರ್ಧಕ್ಕೆ ಬಿಡಲಿಲ್ಲ. ಸುಮಾರು ಐದು ವರುಷ ಕಲಿತು, 1851ರಲ್ಲಿ ಬೋಧಕರಾಗಿ ಅಭಿಷಿಕ್ತರಾಗಿ, ಅದೇ ವರುಷದಲ್ಲಿ ಸ್ವದೇಶಕ್ಕೆ ಮರಳಿದರು.

ಅನಂತರ ಅವರು ಮಂಗಳೂರಿನ ಉಪದೇಶಿಗಳ ಪಾಠಶಾಲೆಯಲ್ಲಿ ಗುರುಗಳಾದರು. ಪರಭಾಷೆಯಲ್ಲಿ ಕಷ್ಟಪಟ್ಟು ಕಲಿತದ್ದನ್ನು ನಮ್ಮ ಊರುಗಳ ಯೌವನಸ್ಥರಿಗೆ ನಮ್ಮ ಮಾತಿನಲ್ಲಿಯೇ ಕಲಿಸಿದರು. 1860ರಲ್ಲಿ ವುರ್ಟೆಂಬರ್ಗಿನ ಮರೀ ರೈನ್‌ಹಾರ್ಟ್ ಎಂಬ ಕನ್ಯೆಯು ಸಮುದ್ರ ದಾಟಿ ಬಂದು ಅವರನ್ನು ವಿವಾಹವಾದಳು. ಆತನು ಅವಳ ದೇಶದಲ್ಲಿ ಪರದೇಶಿಯಾಗಿದ್ದಂತೆ ಅವಳು ಇವರ ದೇಶದಲ್ಲಿ ಪರದೇಶಿಯಾದಳು.

ಮೊಗ್ಲಿಂಗರು 1853ರಲ್ಲಿ ಕೊಡಗಿಗೆ ಹೋಗಿ ಕೆಲಸವನ್ನಾರಂಭಿಸಿದ್ದರು. ಅಲ್ಲಿ ಹೊಲೆಯರೆಂದು ಜನರು ದೂರವಿಟ್ಟಿದ್ದ ಗದ್ದೆಯ ಆಳುಗಳಲ್ಲಿ ಕೆಲವರು ಸಭೆಗೆ ಸೇರಿದರು. ದುಡಿಯುವದಕ್ಕೆ ಸ್ವಂತ ನೆಲವಿಲ್ಲದವರು ಒಡೆಯನ ಮಾತು ಮೀರಿ ಎಲ್ಲಿ ನಿಂತಾರು? ಆಗ ಅವರು ನೆಲೆಗೊಳ್ಳುವಂತೆ ಆನಂದರಾಯರು ತಮ್ಮ ಹಣದಿಂದ ಭೂಮಿಯನ್ನು ಕೊಂಡರು. ಆ ಊರಿಗೆ ಅವರ ಹೆಸರಿನಿಂದಲೇ ಆನಂದಪುರವೆಂದು ಹೆಸರಾಯಿತು. ಕಾಫಿಯ ತೋಟವೂ ಎದ್ದಿತು. ಬ್ರಾಹ್ಮಣನಾಗಿ ಹುಟ್ಟಿದವರ ಹಣವು ನೆಲವಿಲ್ಲದವರ ಕಾಲ ಕೆಳಗಿನ ನೆಲವಾಯಿತು. ಆನಂದರಾಯರು 1893ರಲ್ಲಿ ದೇಹವನ್ನು ಬಿಟ್ಟರು. ಕಿಟ್ಟೆಲರ ನಿಘಂಟು ಹೊರಬಂದದ್ದು ಅದರ ಮರುವರುಷ.

ತಂದೆತಾಯಿಗಳೇ, ಈಗ ವೇದಶಾಸ್ತ್ರವನ್ನು ಕಲಿಯುವದಕ್ಕೆ ಸಮುದ್ರ ದಾಟಬೇಕಾಗಿಲ್ಲ. 1910ರಲ್ಲಿ ಸ್ಥಾಪಿತವಾದ ಯುನೈಟೆಡ್ ಥಿಯಲಾಜಿಕಲ್ ಕಾಲೇಜು ಬೆಂಗಳೂರಿನ ದಂಡಿನಲ್ಲಿ, ಮಿಲ್ಲರ್ಸ್ ರಸ್ತೆಯಲ್ಲಿಯೇ ಉಂಟು. ಆದರೂ ಹಳ್ಳಿಯಿಂದ ಹೊರಟ ಮಗನಿಗೋ ಮಗಳಿಗೋ ಅಂಥ ಸ್ಥಳದಲ್ಲಿ ಮೊದಲನೆಯ ದಿನವು ಪರದೇಶದ ದಿನವೇ. ಅರ್ಥವಾಗದ ಮಾತು, ಗುರುತಿಲ್ಲದ ಮುಖ, ತನ್ನ ಉಡುಪಿನ ವಿಷಯದಲ್ಲಿ ನಾಚಿಕೆ, ಇವೆಲ್ಲ ಕಾದಿರುತ್ತವೆ. ಅಳುತ್ತಾ ಕಾಗದ ಬರೆದರೆ ಗದರಿಸಬೇಡಿರಿ. ಒಡನೆ ಮನೆಗೆ ಕರೆಯಲೂ ಬೇಡಿರಿ. ಆನಂದರಾಯರ ಕಥೆಯನ್ನು ಅವರಿಗೆ ಹೇಳಿ ಕಳುಹಿಸಿರಿ. ಮತ್ತು ಕಲಿತ ಮೇಲೆ ಯಾರಿಗೋಸ್ಕರ ಹಿಂತಿರುಗಬೇಕೆಂಬದನ್ನೂ ಆನಂದಪುರದ ಹೆಸರಿನೊಂದಿಗೆ ನೆನಪಿಗೆ ತನ್ನಿರಿ.