ಕೆನೆತ್ ಆಂಡರ್ಸನ್

ಕಾಡಿನ ಸಾಹಸ ಕಥೆಗಳಿಂದ ಹೆಸರಾದ ಕೆನೆತ್ ಆಂಡರ್ಸನ್ ಹುಟ್ಟಿದ್ದು 1910ರಲ್ಲಿ, ಸಿಕಂದರಾಬಾದ್ ಬಳಿಯ ಬೊಲಾರಂನಲ್ಲಿ. ಓದಿದ್ದು, ಬಾಳಿದ್ದು ಬೆಂಗಳೂರಿನಲ್ಲಿ. ಜೀವನಕ್ಕೆ ವಿಮಾನ ಕಾರ್ಖಾನೆಯ ನೌಕರಿ. ರಜೆ ಸಿಕ್ಕಿತೆಂದರೆ ಕಾಡು. ಕನ್ನಡ ಬರುತ್ತಿದ್ದುದರಿಂದ ಹಳ್ಳಿಗರೊಡನೆ ನೇರ ಮಾತುಕತೆ. ಅವರಿಗೆ ಕಾಡಿನ ಪಾಠ ಹೇಳಿಕೊಟ್ಟವನು ಬೈರ, ಪೂಜಾರಿ ಬುಡಕಟ್ಟಿನವನು. ಶಾಲೆಯ ಮೆಟ್ಟಿಲು ಹತ್ತದವನು, ಆದರೆ ನೆಲದ ಮೇಲಿನ ಹೆಜ್ಜೆಗುರುತನ್ನು ನಾವು ಪುಟ ಓದಿದಂತೆ ಓದುತ್ತಿದ್ದವನು. ಆಂಡರ್ಸನ್ ಈ ಋಣವನ್ನು ಬರೆಹದಲ್ಲಿ ಮುಚ್ಚಿಡಲಿಲ್ಲ. ಶಿಕ್ಷಕರಾಗಲಿರುವ ನಮಗೆ ಬೇಟೆಗಿಂತ ಇದೇ ದೊಡ್ಡ ಸಂಗತಿಯೆಂದು ನನ್ನ ಅನಿಸಿಕೆ.

ಮೊದಲ ಪುಸ್ತಕ 1954ರಲ್ಲಿ ಬಂತು. ಹುಲಿ ನರಭಕ್ಷಕವಾಗುವುದು ಹುಟ್ಟುಗುಣದಿಂದಲ್ಲ, ಹಲವು ಸಲ ಮನುಷ್ಯನೇ ಮಾಡಿದ ಗಾಯದಿಂದ ಎಂಬುದನ್ನು ಅವರ ಕಥೆಗಳು ತೋರಿಸುತ್ತವೆ. ಕೊನೆಗಾಲದಲ್ಲಿ ಬಂದೂಕಿಗಿಂತ ವನ್ಯಜೀವಿ ರಕ್ಷಣೆಯತ್ತಲೇ ಮನಸ್ಸು ಹರಿಯಿತು. 1974ರಲ್ಲಿ ತೀರಿಕೊಂಡರು.

ಪೂರ್ಣಚಂದ್ರ ತೇಜಸ್ವಿಯವರು ಇವನ್ನು 'ಕಾಡಿನ ಕಥೆಗಳು' ಎಂದು ಕನ್ನಡಕ್ಕೆ ತಂದಿದ್ದಾರೆ, ನಾಲ್ಕು ಭಾಗ. ಬೋಧನಾಭ್ಯಾಸಕ್ಕೆ ಅರಕೆರೆಯ ಕಡೆ ಹೋಗುವ ಪ್ರಶಿಕ್ಷಣಾರ್ಥಿಗಳು ಒಂದನ್ನಾದರೂ ಚೀಲದಲ್ಲಿಟ್ಟುಕೊಳ್ಳಿ. ಕಬ್ಬಿನ ಗದ್ದೆಗೆ ಚಿರತೆ ಬಂದ ಸುದ್ದಿ ಕೇಳುತ್ತಲೇ ಬೆಳೆದ ಮಕ್ಕಳು ಅಲ್ಲಿನವರು. 'ಜಾಲಹಳ್ಳಿಯ ಕುರ್ಕ'ದಿಂದ ಶುರುಮಾಡಿ, ಕುತೂಹಲದ ಘಟ್ಟ ಬಂದಾಗ ಪುಸ್ತಕ ಮುಚ್ಚಿ ಮೇಜಿನ ಮೇಲಿಟ್ಟು ಬನ್ನಿ.