ಮರಳಿ ಒಪ್ಪಿಸಿದ ಅಧಿಕಾರ: ಶ್ರೀ ಎಸ್. ಆರ್. ಕಂಠಿಯವರ ಜೀವನ

ಸಕಲೇಶಪುರ-ಆಲೂರು ಸೀಮೆಯ ಬೆಟ್ಟಗಳ ನಡುವಣ ಹೆಗ್ಗದ್ದೆಯಲ್ಲಿ ತೋಟವನ್ನೂ ಗದ್ದೆಯನ್ನೂ ನೋಡಿಕೊಂಡಿರುವ ಗೃಹಸ್ಥನು ಚುನಾವಣೆ ಬಂದಾಗ ಮತಗಟ್ಟೆಗೆ ಹೋಗಿ ಒಬ್ಬ ಶಾಸಕನನ್ನು ಆರಿಸುತ್ತಾನೆ. ಮುಖ್ಯಮಂತ್ರಿಯನ್ನು ಆತನು ನೇರವಾಗಿ ಆರಿಸುವುದಿಲ್ಲ. ವಿಧಾನಸಭೆಯಲ್ಲಿ ಬಹುಮತವುಳ್ಳ ಪಕ್ಷದ ಶಾಸಕರು ಕೂಡಿ ತಮ್ಮ ನಾಯಕನನ್ನು ಗೊತ್ತುಮಾಡುತ್ತಾರೆ. ರಾಜ್ಯಪಾಲರು ಆ ನಾಯಕನನ್ನು ಮುಖ್ಯಮಂತ್ರಿಯನ್ನಾಗಿ ನೇಮಿಸುತ್ತಾರೆ. ಮುಖ್ಯಮಂತ್ರಿಯ ಸಲಹೆಯ ಮೇರೆಗೆ ಇತರ ಮಂತ್ರಿಗಳ ನೇಮಕವಾಗುತ್ತದೆ. ಆ ಮಂತ್ರಿಮಂಡಲವು ಒಟ್ಟಾಗಿ ವಿಧಾನಸಭೆಗೆ ಹೊಣೆಯಾಗಿರುತ್ತದೆ. ಹೀಗೆ ಬೆಟ್ಟದ ಊರಿನ ಒಂದು ಮತವು ಹಲವು ಕೈಗಳನ್ನು ದಾಟಿ ಬೆಂಗಳೂರಿನ ವಿಧಾನಸೌಧವನ್ನು ಸೇರುತ್ತದೆ. ನಡುವೆ ಅದನ್ನು ಹಿಡಿದವರೆಲ್ಲರೂ ಅದನ್ನು ಪರರ ಒಡವೆಯೆಂದೇ ತಿಳಿದು ಕಾಪಾಡಬೇಕು. ಈ ಮಾತನ್ನು ಆಡಿ ತೋರಿಸಿದವರು ಅನೇಕರು. ನಡೆದು ತೋರಿಸಿದವರು ವಿರಳ. ಆ ವಿರಳರಲ್ಲಿ ಶ್ರೀ ಶಿವಲಿಂಗಪ್ಪ ರುದ್ರಪ್ಪ ಕಂಠಿಯವರು ಒಬ್ಬರು.

ಕಂಠಿಯವರು 1908ನೆಯ ಇಸವಿಯ ಡಿಸೆಂಬರ್ 21ರಂದು ಅಂದಿನ ವಿಜಾಪುರ ಜಿಲ್ಲೆಯ ಕೆರೂರಿನಲ್ಲಿ ಜನಿಸಿದರು. ಬಾದಾಮಿಗೆ ಸಮೀಪದ ಆ ಊರು ಇಂದು ಬಾಗಲಕೋಟೆ ಜಿಲ್ಲೆಗೆ ಸೇರಿದೆ. ಆ ಕಾಲದಲ್ಲಿ ಅದು ಮುಂಬಯಿ ಆಧಿಪತ್ಯದ ಆಡಳಿತಕ್ಕೆ ಒಳಪಟ್ಟಿದ್ದಿತು. ಹಾಸನದ ಮಲೆನಾಡಾದರೋ ಮೈಸೂರು ಅರಸರ ಸೀಮೆ. ಕನ್ನಡಿಗರು ಹಲವು ಆಡಳಿತಗಳಲ್ಲಿ ಹರಿದು ಹಂಚಿಹೋಗಿದ್ದ ಕಾಲವದು. ಕಂಠಿಯವರು ಕಾನೂನನ್ನು ಓದಿ ವಕೀಲರಾದರು. ಸ್ವಾತಂತ್ರ್ಯದ ಹೋರಾಟದಲ್ಲಿ ಕಾಂಗ್ರೆಸ್ಸಿನ ಪಕ್ಷವನ್ನು ಹಿಡಿದರು. ತರುವಾಯ ಹುನಗುಂದ ಕ್ಷೇತ್ರದಿಂದ ಮುಂಬಯಿ ರಾಜ್ಯದ ವಿಧಾನಸಭೆಗೆ ಆಯ್ಕೆಯಾಗಿ ಅಲ್ಲಿ ಉಪಸಭಾಧ್ಯಕ್ಷರಾದರು.

1956ರ ನವೆಂಬರ್ 1ರಂದು ಕನ್ನಡ ನಾಡು ಒಂದಾಯಿತು. ಹೆಗ್ಗದ್ದೆಯೂ ಕೆರೂರೂ ಒಂದೇ ರಾಜ್ಯದ ಊರುಗಳಾದವು. ಶ್ರೀ ಎಸ್. ನಿಜಲಿಂಗಪ್ಪನವರು ಮುಖ್ಯಮಂತ್ರಿಗಳಾದರು; ಅದೇ ವರ್ಷ ಕಂಠಿಯವರು ವಿಧಾನಸಭೆಯ ಅಧ್ಯಕ್ಷಪೀಠವನ್ನೇರಿದರು. ಸಭಾಧ್ಯಕ್ಷನು ಒಂದು ಪಕ್ಷದಿಂದಲೇ ಆರಿಸಿಬಂದಿರಬಹುದು. ಆದರೆ ಪೀಠದಲ್ಲಿ ಕುಳಿತ ಬಳಿಕ ಆತನಿಗೆ ಪಕ್ಷವಿಲ್ಲ. ಚರ್ಚೆಯಲ್ಲಿ ಆತನು ಒಂದು ಕಡೆಯವನಾಗಿ ವಾದಿಸುವಂತಿಲ್ಲ. ಎರಡೂ ಕಡೆಯ ಮತಗಳು ಸಮನಾದಾಗಲಲ್ಲದೆ ಮತವನ್ನು ಕೊಡುವಂತಿಲ್ಲ. ಮೈಸೂರು, ಮುಂಬಯಿ, ಹೈದರಾಬಾದು, ಮದರಾಸು, ಕೊಡಗು ಎಂಬ ಐದು ಆಡಳಿತಗಳ ರೂಢಿಗಳನ್ನು ಹೊತ್ತು ಬಂದ ಸದಸ್ಯರು ಒಂದು ಸಭೆಯಾಗಿ ಕಲೆಯಬೇಕಾಗಿದ್ದ ಆ ದಿನಗಳಲ್ಲಿ, 1962ರವರೆಗೂ ಆ ಪೀಠವನ್ನು ಕಂಠಿಯವರು ನಿರ್ವಹಿಸಿದರು.

ಈ ನಡುವೆ ಆಳುವ ಪಕ್ಷದೊಳಗೇ ಭಿನ್ನಮತವು ಬೆಳೆಯಿತು. 1958ರಲ್ಲಿ ನಿಜಲಿಂಗಪ್ಪನವರು ಅಧಿಕಾರವನ್ನು ಬಿಡಬೇಕಾಯಿತು, ಶ್ರೀ ಬಿ. ಡಿ. ಜತ್ತಿಯವರು ಮುಖ್ಯಮಂತ್ರಿಗಳಾದರು. 1962ರ ಚುನಾವಣೆಯಲ್ಲಿ 208 ಸ್ಥಾನಗಳ ಪೈಕಿ 138 ಕಾಂಗ್ರೆಸ್ಸಿಗೆ ದೊರೆತವು. ಆದರೆ ವಿಧಿಯ ವೈಚಿತ್ರ್ಯವೆಂಬಂತೆ, ಪಕ್ಷಕ್ಕೆ ಜಯವನ್ನು ತಂದುಕೊಟ್ಟ ನಿಜಲಿಂಗಪ್ಪನವರು ತಾವೇ ಹೊಸದುರ್ಗ ಕ್ಷೇತ್ರದಲ್ಲಿ ಸೋತಿದ್ದರು. ಅವರು ಮರಳಿ ಸಭೆಯನ್ನು ಪ್ರವೇಶಿಸುವ ತನಕ ಆ ಪೀಠವನ್ನು ಯಾರು ಕಾಯಬೇಕು? ಅವರ ಕಡೆಯವರು ಕಂಠಿಯವರನ್ನು ಮುಂದಿಟ್ಟರು. 1962ರ ಮಾರ್ಚ್ 14ರಂದು, ಅಂದು ರಾಜ್ಯಪಾಲರಾಗಿದ್ದ ಶ್ರೀ ಜಯಚಾಮರಾಜೇಂದ್ರ ಒಡೆಯರ ಆಡಳಿತಾವಧಿಯಲ್ಲಿ, ಕಂಠಿಯವರು ಮುಖ್ಯಮಂತ್ರಿಗಳಾದರು.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ರಾಜ್ಯಾಂಗದ ದೃಷ್ಟಿಯಲ್ಲಿ ಹಂಗಾಮಿ ಮುಖ್ಯಮಂತ್ರಿ, ಪೂರ್ಣ ಮುಖ್ಯಮಂತ್ರಿ ಎಂಬ ಎರಡು ಪದವಿಗಳಿಲ್ಲ. ಪ್ರಮಾಣವಚನವನ್ನು ಸ್ವೀಕರಿಸಿದವನು, ಸಭೆಯ ವಿಶ್ವಾಸವಿರುವವರೆಗೆ, ಪೂರ್ಣ ಅಧಿಕಾರವುಳ್ಳ ಮುಖ್ಯಮಂತ್ರಿಯೇ ಸರಿ. ಮತ್ತೊಬ್ಬರು ಬಂದೊಡನೆ ಬಿಟ್ಟುಕೊಡುವೆನೆಂಬ ತಿಳಿವಳಿಕೆಗೆ ಕಾನೂನಿನ ಬಲವಿಲ್ಲ. ಯಾವ ನ್ಯಾಯಾಲಯವೂ ಅದನ್ನು ನಡೆಸಿಕೊಡಲಾರದು. ಅಧಿಕಾರದಲ್ಲಿ ಇರುವವನಿಗೆ ಪದವಿಗಳನ್ನು ಹಂಚುವ ಶಕ್ತಿಯುಂಟು. ಆ ಶಕ್ತಿಯಿಂದ ತನ್ನದೇ ಒಂದು ಬಳಗವನ್ನು ಕಟ್ಟಿಕೊಳ್ಳುವುದು ಭಿನ್ನಮತವಿದ್ದ ಪಕ್ಷದಲ್ಲಿ ಅಸಾಧ್ಯವೇನೂ ಆಗಿರಲಿಲ್ಲ. ನೆಪಗಳಿಗೂ ಕೊರತೆಯಿರುತ್ತಿರಲಿಲ್ಲ.

ಕಂಠಿಯವರು ಆ ದಾರಿಯನ್ನು ಹಿಡಿಯಲಿಲ್ಲ. ನಿಜಲಿಂಗಪ್ಪನವರು ಬಾಗಲಕೋಟೆ ಕ್ಷೇತ್ರದ ಉಪಚುನಾವಣೆಯಲ್ಲಿ ಅವಿರೋಧವಾಗಿ ಆಯ್ಕೆಯಾಗಿ ಬಂದರು. ಜೂನ್ 20ಕ್ಕೆ ಕಂಠಿಯವರ ಅಧಿಕಾರವು ಮುಗಿಯಿತು. ಮರುದಿನ ನಿಜಲಿಂಗಪ್ಪನವರು ಮುಖ್ಯಮಂತ್ರಿಗಳಾದರು. ನೂರು ದಿನಗಳು ತುಂಬುವ ಮೊದಲೇ ಪಡೆದುದನ್ನು ಪಡೆದಂತೆಯೇ ಒಪ್ಪಿಸಿದುದಾಯಿತು. ಜನರು ಅವರನ್ನು ರಾಮಾಯಣದ ಭರತನಿಗೆ ಹೋಲಿಸಿದರು.

ಹೊಸದುರ್ಗದ ಮತದಾರರು ಬೇಡವೆಂದವರು ಬೇರೊಂದು ಕ್ಷೇತ್ರದ ಮೂಲಕ ಬಂದು ನಾಡನ್ನು ಆಳುವುದು ಯುಕ್ತವೇ ಎಂದು ಪ್ರಶ್ನಿಸುವವರಿಗೆ ಪ್ರಶ್ನಿಸುವ ಹಕ್ಕುಂಟು. ಕಾನೂನು ಅದನ್ನು ನಿಷೇಧಿಸುವುದಿಲ್ಲ, ಸಭೆಯ ಸದಸ್ಯನಲ್ಲದವನೂ ಮಂತ್ರಿಯಾಗಿ ಆರು ತಿಂಗಳವರೆಗೆ ಇರಬಹುದು, ಅಷ್ಟರೊಳಗೆ ಸದಸ್ಯನಾಗಬೇಕು. ಆದರೂ ಕಾನೂನು ಒಪ್ಪಿದುದೆಲ್ಲವನ್ನೂ ಮನಸ್ಸು ಒಪ್ಪಬೇಕೆಂದಿಲ್ಲ. ಆ ವಿಚಾರವು ಪಕ್ಷದ ತೀರ್ಮಾನಕ್ಕೆ ಸಂಬಂಧಿಸಿದುದು. ಕಂಠಿಯವರ ನಡತೆಯನ್ನು ಅಳೆಯುವ ಅಳತೆಗೋಲು ಬೇರೆ: ಕೊಟ್ಟ ಮಾತನ್ನು ಕೇಳುವವರಿಲ್ಲದ ಎಡೆಯಲ್ಲಿಯೂ ನಡೆಸಿದರೇ ಇಲ್ಲವೇ ಎಂಬುದು.

ಮುಖ್ಯಮಂತ್ರಿಯಾಗಿದ್ದವರು ಅದೇ ಮನೆಯಲ್ಲಿ ಇನ್ನೊಬ್ಬರ ಕೈಕೆಳಗೆ ಮಂತ್ರಿಯಾಗಿರುವುದು ಸುಲಭವಲ್ಲ. ಕಂಠಿಯವರು ನಿಜಲಿಂಗಪ್ಪನವರ ಮಂತ್ರಿಮಂಡಲದಲ್ಲಿ ವಿದ್ಯಾಮಂತ್ರಿಗಳಾಗಿ ದುಡಿದರು. 1963ರಲ್ಲಿ ವಿಜಾಪುರದಲ್ಲಿ ಸೈನಿಕ ಶಾಲೆಯು ಸ್ಥಾಪನೆಯಾದುದು ಅವರ ಪ್ರಯತ್ನದ ಫಲ. ಬರಗಾಲದ ನಾಡೆಂದೇ ಹೆಸರಾದ ಆ ಸೀಮೆಯಲ್ಲಿ ನಾಡಿನ ಎಲ್ಲೆಡೆಯ ಬಾಲಕರು ಬಂದು ಓದುವಂತಾಯಿತು. ಅವರು ಪೀಠದಲ್ಲಿದ್ದ ದಿನಗಳು ಮೂರು ತಿಂಗಳಲ್ಲಿ ಮುಗಿದವು; ಆ ಶಾಲೆಯ ಗಂಟೆ ಇಂದಿಗೂ ಬಾರಿಸುತ್ತಿದೆ.

1969ರ ಡಿಸೆಂಬರ್ 25ರಂದು, ಅರವತ್ತೊಂದು ವರ್ಷ ತುಂಬಿದ ನಾಲ್ಕನೆಯ ದಿನ, ಕಂಠಿಯವರು ಲಿಂಗೈಕ್ಯರಾದರು. ಅವರ ಪಕ್ಷವು ದೇಶಮಟ್ಟದಲ್ಲಿ ಎರಡಾಗಿ ಒಡೆದ ವರ್ಷವೂ ಅದೇ.

ಕಲ್ಯಾಣದಲ್ಲಿ ಬಿಜ್ಜಳನ ಭಂಡಾರವನ್ನು ಕಾಯ್ದ ಬಸವಣ್ಣನವರ ಕೈಯಲ್ಲಿ ಕೀಲಿಯಿದ್ದಿತು, ಆದರೆ ಹೊನ್ನು ಅವರದಾಗಿರಲಿಲ್ಲ. ಮುಖ್ಯಮಂತ್ರಿಯಿಂದ ಹಿಡಿದು ಗ್ರಾಮಪಂಚಾಯಿತಿಯ ಸದಸ್ಯನವರೆಗೆ ಎಲ್ಲರ ಸ್ಥಿತಿಯೂ ಅಂತಹುದೇ. ಊರಿನ ಸಹಕಾರ ಸಂಘದ ಲೆಕ್ಕವನ್ನೋ ಗುಡಿಯ ಉತ್ಸವದ ಹಣವನ್ನೋ ಒಂದು ವರ್ಷದ ಮಟ್ಟಿಗೆ ವಹಿಸಿಕೊಂಡ ಭಕ್ತರು, ಅವಧಿ ಮುಗಿದ ದಿನ ಯಾರೂ ಕೇಳುವ ಮುನ್ನವೇ ಪುಸ್ತಕವನ್ನೂ ಕೀಲಿಕೈಯನ್ನೂ ತಂದು ಸಭೆಯ ಮುಂದಿಟ್ಟರೆ, ಅವರು ಕಂಠಿಯವರ ಹಾದಿಯಲ್ಲಿ ನಡೆದಂತಾಗುವುದು.