ತಲಪಾಡಿ ದಾಟಿದ ಮೇಲಿನ ಕನ್ನಡ

1999ರ ಫೆಬ್ರವರಿ 7ರಂದು ದೆಹಲಿಯ ಕೋಟ್ಲಾ ಮೈದಾನದಲ್ಲಿ ಅನಿಲ್ ಕುಂಬ್ಳೆ ಪಾಕಿಸ್ತಾನದ ಹತ್ತೂ ವಿಕೆಟ್ ಒಬ್ಬರೇ ಉರುಳಿಸಿದರು. ಕೊಟ್ಟದ್ದು 74 ರನ್. ಆ ಕತೆಯನ್ನು ಅಪ್ಪನೋ ಮಾವನೋ ಹೇಳದ ಕನ್ನಡದ ಮನೆ ಹೊರದೇಶದಲ್ಲೂ ಸಿಗುವುದು ಕಷ್ಟ. ಆದರೆ ‘ಕುಂಬ್ಳೆ’ ಅಂದರೇನು ಎಂದು ಕೇಳಿದರೆ ಹೇಳಿದವರೇ ತಡವರಿಸುತ್ತಾರೆ. ಅದೊಂದು ಊರು. ಅನಿಲ್ ಹುಟ್ಟಿ ಬೆಳೆದದ್ದು ಬೆಂಗಳೂರಿನಲ್ಲಾದರೂ, ಮನೆತನದ ಜತೆಗೆ ಬಂದ ಹೆಸರು ಅರಬ್ಬಿ ಸಮುದ್ರದ ದಂಡೆಯ ಒಂದು ಪುಟ್ಟ ಪೇಟೆಯದು. ಭೂಪಟದಲ್ಲಿ ಕರ್ನಾಟಕದೊಳಗೆ ಎಷ್ಟು ಹುಡುಕಿದರೂ ಆ ಪೇಟೆ ಸಿಗದು, ಏಕೆಂದರೆ ಅದಿರುವುದು ಕೇರಳದಲ್ಲಿ.

ಮಂಗಳೂರಿನಿಂದ ತೆಂಕಕ್ಕೆ ಹೊರಟ ಬಸ್ಸು ನೇತ್ರಾವತಿ ಸೇತುವೆ ದಾಟಿ, ತೊಕ್ಕೊಟ್ಟು, ಕೋಟೆಕಾರು ಕಳೆದು ತಲಪಾಡಿಗೆ ಬರುತ್ತದೆ. ಅಲ್ಲಿಗೆ ಕರ್ನಾಟಕ ಮುಗಿಯಿತು. ಆದರೂ ಅದೇ ಮಣ್ಣು, ಅದೇ ತೆಂಗು. ಅಂಗಡಿಯ ಬೋರ್ಡಿನಲ್ಲಿ ದುಂಡು ಕನ್ನಡದ ಪಕ್ಕ ಇನ್ನಷ್ಟು ದುಂಡಗಿನ ಮಲಯಾಳ ಬಂದು ಕೂರುತ್ತದೆ, ಅಷ್ಟೆ. ಈ ದಾರಿಯಲ್ಲಿ ಓಡುವ ಎರಡೂ ರಾಜ್ಯಗಳ ಸರಕಾರಿ ಬಸ್ಸುಗಳಿಗೆ ಬಹುಕಾಲದಿಂದ ಒಂದೇ ಹೆಸರು, ಕೆಎಸ್‌ಆರ್‌ಟಿಸಿ. ‘ಕೆ’ ಎಂಬ ಅಕ್ಷರ ಕರ್ನಾಟಕಕ್ಕೂ ಆಗುತ್ತದೆ, ಕೇರಳಕ್ಕೂ ಆಗುತ್ತದೆ. ಆ ಅಕ್ಷರಗಳು ಯಾರಿಗೆ ಸೇರಬೇಕು ಎಂದು ಎರಡು ಸರಕಾರಗಳು ಜಗಳ ಕೂಡ ಆಡಿವೆ. ಪ್ರಯಾಣಿಕರು ಮಾತ್ರ ಮೊದಲು ಬಂದ ಬಸ್ಸು ಹತ್ತುತ್ತಾರೆ.

ತಲಪಾಡಿಯಾದ ಮೇಲೆ ಮಂಜೇಶ್ವರ, ಉಪ್ಪಳ, ಕುಂಬಳೆ, ಮೊಗ್ರಾಲು, ಆಮೇಲೆ ಕಾಸರಗೋಡು. ಊರುಗಳ ನಡುವೆ ಹೊಳೆಗಳು. ಪೂರ್ವದ ಗುಡ್ಡಗಳಲ್ಲಿ ಹುಟ್ಟಿ, ಅವಸರದಲ್ಲಿ ಇಳಿದು, ಕಡಲಿನ ಹತ್ತಿರ ಬಂದಾಗ ಸುಸ್ತಾದಂತೆ ಅಗಲವಾಗುವ ಹೊಳೆಗಳು: ಮಂಜೇಶ್ವರದ್ದು, ಉಪ್ಪಳದ್ದು, ಶಿರಿಯದ್ದು, ಮೊಗ್ರಾಲಿನದು, ಕೊನೆಗೆ ಎಲ್ಲಕ್ಕಿಂತ ದೊಡ್ಡದಾದ ಚಂದ್ರಗಿರಿ. ರಸ್ತೆ, ಸೇತುವೆ ಇಲ್ಲದ ಕಾಲದಲ್ಲಿ ಸರಕು ದೋಣಿಯಲ್ಲೇ ಬರಬೇಕಿತ್ತು. ಹಾಗಾಗಿ ಅಳಿವೆಯ ಬಳಿ ಪೇಟೆ ಬೆಳೆಯಿತು, ಒಳಗಿನ ಬೈಲುಗಳಲ್ಲಿ ಗದ್ದೆ ಮತ್ತು ಅಡಕೆ ತೋಟ ಎದ್ದವು. ರೈಲು ಬಂದದ್ದು 20ನೆಯ ಶತಮಾನದ ಆರಂಭದಲ್ಲಿ.

ಗುಡ್ಡಗಳು ಮುರಕಲ್ಲಿನವು, ಅಂದರೆ ತೂತುತೂತಾದ ಕೆಂಪು ಕಲ್ಲಿನವು. ಮಳೆಗಾಲದಲ್ಲಿ ಇಲ್ಲಿ ಸುರಿಯುವ ನೀರಿಗೆ ಲೆಕ್ಕವಿಲ್ಲ. ಆದರೆ ಆ ಕಲ್ಲು ನೀರನ್ನು ಹೀರಿ ಒಳಗಿಟ್ಟುಕೊಳ್ಳುತ್ತದೆ, ಗುಡ್ಡದ ಮೇಲಿನ ಬಯಲಾದ ಪದವು ಬೇಸಗೆಯಲ್ಲಿ ಒಣಗಿ ಬಿರಿಯುತ್ತದೆ. ಬಾವಿ ತೋಡಿದರೆ ಎಷ್ಟೋ ಕಡೆ ಆಳಕ್ಕೆ ಹೋದರೂ ನೀರಿಲ್ಲ. ಬಾಯಾರು, ಎಣ್ಮಕಜೆಯ ಕಡೆಯ ಕೃಷಿಕರು ಇದಕ್ಕೆ ಕಂಡುಕೊಂಡ ಉಪಾಯ ಸುರಂಗ. ಅವರು ಕೆಳಗೆ ತೋಡುವುದಿಲ್ಲ. ಗುಡ್ಡದ ಮಗ್ಗುಲಿಗೆ ಅಡ್ಡಡ್ಡವಾಗಿ ಕೊರೆಯುತ್ತಾರೆ. ಎತ್ತರ ಒಬ್ಬ ಆಳು ನಿಲ್ಲುವಷ್ಟು, ಅಗಲ ಹೆಗಲು ತೂರುವಷ್ಟು. ಪಿಕ್ಕಾಸು ಹಿಡಿದವನು ಜತೆಗೊಂದು ಮೋಂಬತ್ತಿ ಉರಿಸಿಕೊಂಡು ಒಳಗೆ ಹೋಗುತ್ತಾನೆ. ಬೆಳಕಿಗಷ್ಟೇ ಅಲ್ಲ, ಬತ್ತಿ ಮಂಕಾಯಿತೆಂದರೆ ಗಾಳಿ ಸಾಲದು, ಹೊರಗೆ ಬರಬೇಕು ಎಂದು ಅರ್ಥ. ಕೆಲವು ಸುರಂಗ ಹತ್ತಾರು ಹೆಜ್ಜೆಗೇ ಒಸರು ಕೊಡುತ್ತವೆ, ಕೆಲವು ನೂರಾರು ಅಡಿ ಹೋದರೂ ಸತಾಯಿಸುತ್ತವೆ. ನೀರು ಸಿಕ್ಕಿದರೆ ಪಂಪು ಬೇಡ, ಕರೆಂಟು ಬೇಡ. ಸೀಳಿದ ಅಡಕೆ ಮರದ ದಂಬೆಯಲ್ಲಿ ತಾನಾಗಿ ಹರಿದು ಅಂಗಳದ ಕೆರೆಗೆ ಬಂದು ಬೀಳುತ್ತದೆ. ಇದಕ್ಕೆ ಹೋಲುವ ನೀರಿನ ಸುರಂಗಗಳು ಇರಾನಿನಲ್ಲಿವೆ, ಅಲ್ಲಿ ಅವಕ್ಕೆ ಕನಾತ್ ಎಂದು ಹೆಸರು. ಗುಡ್ಡದ ಹೊಟ್ಟೆಯೊಳಗೆ ಹೊಕ್ಕು ನೀರು ಕರೆದುಕೊಂಡು ಬರುವ ಈ ವಿದ್ಯೆಯನ್ನು ನೋಡಲಿಕ್ಕಾದರೂ ಹೊರದೇಶದಿಂದ ರಜೆಯಲ್ಲಿ ಊರಿಗೆ ಬರುವ ಮಕ್ಕಳು ಒಂದು ದಿನ ಎತ್ತಿಡಬೇಕು. ಕಾಸರಗೋಡಿನ ತೆಂಕಕ್ಕಿರುವ ಬೇಕಲದ ಕಡಲ ದಂಡೆ ಇನ್ನೊಂದು ದಿನಕ್ಕೆ ಕಾಯಬಲ್ಲದು.

ಇಷ್ಟು ಕನ್ನಡದ ಊರುಗಳು ಕೇರಳಕ್ಕೆ ಹೋದದ್ದು ಹೇಗೆ? ಉತ್ತರಕ್ಕೆ ಸ್ವಲ್ಪ ಹಿಂದೆ ಹೋಗಬೇಕು. 17ನೆಯ ಶತಮಾನದಲ್ಲಿ ಮಲೆನಾಡಿನ ಕೆಳದಿಯ ನಾಯಕರು ಈ ಕರಾವಳಿಯ ಮೇಲೆ ಹಿಡಿತ ಸಾಧಿಸಿ ಸಾಲಾಗಿ ಕೋಟೆಗಳನ್ನು ಕಟ್ಟಿದರು. ಅವರ ಬಳಿಕ ಹೈದರಾಲಿ, ಟಿಪ್ಪು. 1799ರಲ್ಲಿ ಟಿಪ್ಪು ಮಡಿದ ಮೇಲೆ ಇಂಗ್ಲಿಷರ ಕಂಪನಿ. ಇಂಗ್ಲಿಷರು ಇದನ್ನು ಮಂಗಳೂರು, ಉಡುಪಿಗಳ ಜತೆಗೆ ದಕ್ಷಿಣ ಕನ್ನಡ ಜಿಲ್ಲೆಯಲ್ಲಿಟ್ಟು ಮದರಾಸಿನಿಂದ ಆಳಿದರು. ಕಾಸರಗೋಡು ಆ ಜಿಲ್ಲೆಯ ತೀರ ತೆಂಕಣ ತಾಲೂಕು. ಕೋರ್ಟು, ಕಾಲೇಜು, ಆಸ್ಪತ್ರೆ ಏನು ಬೇಕಾದರೂ ಮಂಗಳೂರು.

1956ರ ನವೆಂಬರ್ 1ರಂದು ಭಾಷೆಯ ಆಧಾರದಲ್ಲಿ ರಾಜ್ಯಗಳನ್ನು ಹೊಸದಾಗಿ ವಿಂಗಡಿಸಿದಾಗ ದಕ್ಷಿಣ ಕನ್ನಡದ ಹೆಚ್ಚಿನ ಭಾಗ ಮೈಸೂರು ರಾಜ್ಯಕ್ಕೆ, ಅಂದರೆ ಈಗಿನ ಕರ್ನಾಟಕಕ್ಕೆ, ಬಂತು. ಕಾಸರಗೋಡು ತಾಲೂಕು ಮಾತ್ರ ಇಡಿಯಾಗಿ ಕೇರಳಕ್ಕೆ ಹೋಯಿತು. ತಾಲೂಕಿನ ತೆಂಕಣ ಭಾಗದಲ್ಲಿ ಮಲಯಾಳ ದಟ್ಟ, ಬಡಗಣ ಭಾಗದಲ್ಲಿ ಕನ್ನಡ, ತುಳು ದಟ್ಟ. ಒಂದೇ ತಾಲೂಕನ್ನು ಒಡೆಯುವ ಗೋಜಿಗೆ ಯಾರೂ ಹೋಗಲಿಲ್ಲ. ಜನ ಸುಮ್ಮನಿರಲಿಲ್ಲ. ಮೆರವಣಿಗೆ, ಸತ್ಯಾಗ್ರಹ, ಚುನಾವಣೆ ಎಲ್ಲ ನಡೆದವು. ಕೇರಳದ ಮೊದಲ ವಿಧಾನಸಭೆಗೆ 1957ರಲ್ಲಿ ಮಂಜೇಶ್ವರದಿಂದ ಎಂ. ಉಮೇಶ ರಾವ್ ಪಕ್ಷೇತರರಾಗಿ ಅವಿರೋಧವಾಗಿ ಆರಿಸಿ ಹೋದರು. 1966ರಲ್ಲಿ ಗಡಿಯ ತಗಾದೆಗಳನ್ನು ಪರಿಶೀಲಿಸಲು ಸುಪ್ರೀಂ ಕೋರ್ಟಿನ ನಿವೃತ್ತ ಮುಖ್ಯ ನ್ಯಾಯಮೂರ್ತಿ ಮೆಹರ್‌ಚಂದ್ ಮಹಾಜನರ ಆಯೋಗ ನೇಮಕವಾಯಿತು. ಚಂದ್ರಗಿರಿ ಹೊಳೆಯ ಬಡಗಣ ಭಾಗ ಕರ್ನಾಟಕಕ್ಕೆ ಸೇರಬೇಕು ಎಂದು ಮರುವರ್ಷವೇ ಆಯೋಗ ವರದಿ ಕೊಟ್ಟಿತು. ವರದಿ ಜಾರಿಯಾಗಲಿಲ್ಲ. 1984ರಲ್ಲಿ ಕಾಸರಗೋಡು ಕೇರಳದ ತೀರ ಬಡಗಣ ಜಿಲ್ಲೆಯಾಯಿತು. ಒಂದು ಜಿಲ್ಲೆಯ ತೆಂಕು ತುದಿ ಕುಳಿತಲ್ಲೇ ಕುಳಿತು ಒಂದು ರಾಜ್ಯದ ಬಡಗು ತುದಿಯಾದದ್ದು ಹೀಗೆ.

ಮಂಜೇಶ್ವರದ ಕವಿ ಗೋವಿಂದ ಪೈಗಳ ಬದುಕನ್ನು ಈ ಗಡಿಗೆರೆಯ ಪಕ್ಕ ಇಟ್ಟು ನೋಡಿದರೆ ಸೋಜಿಗವಾಗುತ್ತದೆ. 1883ರಲ್ಲಿ ಮಂಜೇಶ್ವರದಲ್ಲಿ ಹುಟ್ಟಿದರು, ಆಗ ಅದು ಮದರಾಸು ಪ್ರಾಂತ್ಯ. 1949ರಲ್ಲಿ ಮದರಾಸು ಸರಕಾರವೇ ಅವರಿಗೆ ರಾಷ್ಟ್ರಕವಿ ಎಂಬ ಬಿರುದು ಕೊಟ್ಟಿತು. 1963ರಲ್ಲಿ ತೀರಿಕೊಳ್ಳುವಾಗ ಅವರ ಊರು ಕೇರಳದಲ್ಲಿತ್ತು. ಅಂದರೆ ಕನ್ನಡದ ಮೊತ್ತಮೊದಲ ರಾಷ್ಟ್ರಕವಿಯ ಊರು ಒಂದು ದಿನದ ಮಟ್ಟಿಗೂ ಕರ್ನಾಟಕಕ್ಕೆ ಸೇರಿದ್ದಲ್ಲ!

ಮನೆಯಲ್ಲಿ ಅವರು ಆಡುತ್ತಿದ್ದದ್ದು ಕೊಂಕಣಿ. ಮಂಗಳೂರಿನ ಶಾಲೆಯಲ್ಲಿ ಪಂಜೆ ಮಂಗೇಶರಾಯರ ಶಿಷ್ಯ. ಮದರಾಸಿನಲ್ಲಿ ಓದುತ್ತಿದ್ದಾಗ ತಂದೆ ತೀರಿಕೊಂಡು ಪದವಿ ಪೂರ್ತಿಯಾಗಲಿಲ್ಲ. ಊರಿಗೆ ಮರಳಿದವರು ಪುಸ್ತಕಗಳ ನಡುವೆ ಕುಳಿತು ಒಂದೊಂದಾಗಿ ಎಷ್ಟೋ ಭಾಷೆ ಕಲಿತರು. ಆಗಿನ ಕನ್ನಡ ಪದ್ಯಕ್ಕೆ ಒಂದು ಕಟ್ಟುನಿಟ್ಟಿತ್ತು: ಪ್ರತಿ ಸಾಲಿನ ಎರಡನೆಯ ಅಕ್ಷರದ ವ್ಯಂಜನ ಒಂದೇ ಆಗಿರಬೇಕು. ಮೊದಲ ಸಾಲು ‘ಮರ’ ಎಂದು ಸುರುವಾದರೆ ಮುಂದಿನದು ‘ಹರಿ’ ಎಂದೋ ‘ಕರು’ ಎಂದೋ ಸುರುವಾಗಬೇಕು. ಈ ಪ್ರಾಸ ಸಿಗಲಿ ಎಂದು ಕವಿಗಳು ಬೇಡದ ಮಾತನ್ನೂ ತುರುಕುತ್ತಿದ್ದರು. ಪೈಗಳು ಆ ಪ್ರಾಸವನ್ನು ಕೈಬಿಟ್ಟರು. ಪಂಡಿತರು ಸಿಟ್ಟಾದರು, ಕಿರಿಯ ಕವಿಗಳಿಗೆ ಉಸಿರು ಬಂದಂತಾಯಿತು. ಕ್ರಿಸ್ತನ ಕೊನೆಯ ದಿನದ ಮೇಲೆ ‘ಗೊಲ್ಗೊಥಾ’, ಬುದ್ಧನ ಕೊನೆಯ ದಿನದ ಮೇಲೆ ‘ವೈಶಾಖಿ’ ಬರೆದ ಈ ಕವಿಯ ಮನೆ ಇವತ್ತು ಸ್ಮಾರಕ. ಅದಕ್ಕೆ ಅವರ ಮೊದಲ ಕವನಸಂಕಲನದ್ದೇ ಹೆಸರು, ‘ಗಿಳಿವಿಂಡು’.

ಇನ್ನೊಬ್ಬ ಕವಿ ಬದಿಯಡ್ಕದ ಕಯ್ಯಾರ ಕಿಞ್ಞಣ್ಣ ರೈ. ಅವರ ಮನೆಮಾತು ತುಳು. ಶಾಲೆಯಲ್ಲಿ ಮೇಷ್ಟ್ರು, ತೋಟದಲ್ಲಿ ಕೃಷಿಕ. ಕಾಸರಗೋಡು ಕರ್ನಾಟಕಕ್ಕೆ ಸೇರಬೇಕೆಂದು ಕೊನೆಯ ತನಕ ಪಟ್ಟು ಹಿಡಿದವರು. ಅವರೇ ಮಲಯಾಳದ ಮಹಾಕವಿ ಕುಮಾರನ್ ಆಶಾನ್ ಅವರ ಕಾವ್ಯವನ್ನು ಕನ್ನಡಕ್ಕೆ ತಂದರು. ಗಡಿಯ ಜಗಳ ಬೇರೆ, ಪಕ್ಕದ ಮನೆಯ ಪದ್ಯ ಬೇರೆ ಎಂದು ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. 1915ರಲ್ಲಿ ಹುಟ್ಟಿದ ಅವರು ನೂರು ತುಂಬಿದ ಮೇಲೆಯೇ ತೀರಿಕೊಂಡರು.

ಒಬ್ಬರಿಗೆ ಕೊಂಕಣಿ, ಒಬ್ಬರಿಗೆ ತುಳು. ಇದು ಇಲ್ಲಿನ ಸಾಮಾನ್ಯ ಸಂಗತಿ. ಕನ್ನಡ, ತುಳು, ಮಲಯಾಳ, ಕೊಂಕಣಿ, ಬ್ಯಾರಿ, ಮರಾಠಿ, ಉರ್ದು ಎಂದು ಲೆಕ್ಕ ಹಾಕಿ ಕಾಸರಗೋಡಿನವರು ತಮ್ಮದು ಸಪ್ತಭಾಷಾ ಸಂಗಮ ಭೂಮಿ ಎನ್ನುತ್ತಾರೆ. ಕುಂಬಳೆ ಸೀಮೆಯ ಹವ್ಯಕರ ಕನ್ನಡವಂತೂ ಬೆಂಗಳೂರಿನವರಿಗೆ ಎಂಟನೆಯ ಭಾಷೆಯಂತೆ ಕೇಳಿಸೀತು. ಅಲ್ಲಿ ‘ಹೌದು’ ಎನ್ನಲು ‘ಅಪ್ಪು’ ಎನ್ನುತ್ತಾರೆ. ಮನೆಯಲ್ಲೊಂದು, ಶಾಲೆಯಲ್ಲೊಂದು, ಅಂಗಡಿಯಲ್ಲಿ ಮತ್ತೊಂದು ಮಾತಾಡುವ ಹುಡುಗಿ ಅಲ್ಲಿ ಯಾರಿಗೂ ವಿಶೇಷವೆನಿಸುವುದಿಲ್ಲ. ಹೊರದೇಶದ ಕನ್ನಡ ಮನೆಗಳ ಮಕ್ಕಳಿಗೆ ಇದು ಬೇಗ ಅರ್ಥವಾದೀತು. ಅವರ ದಿನವೂ ಹೆಚ್ಚುಕಡಿಮೆ ಹಾಗೆಯೇ.

ಮತ್ತೆ ಕುಂಬಳೆಗೆ. ಈ ಪೇಟೆ ಒಂದು ಕಾಲಕ್ಕೆ ಪುಟ್ಟ ಅರಸುಮನೆತನದ ಸೀಮೆಯಾಗಿತ್ತು. ನಡುವೆ ಕಣಿಪುರ ಗೋಪಾಲಕೃಷ್ಣನ ಗುಡಿ. ಈ ಕೃಷ್ಣನ ಭಕ್ತ ಪಾರ್ತಿಸುಬ್ಬ ಯಕ್ಷಗಾನಕ್ಕೆ ರಾಮಾಯಣದ ಪ್ರಸಂಗಗಳನ್ನು ಬರೆದುಕೊಟ್ಟ ಕವಿ. ಅವನ ಕಾಲ ಯಾವುದು, ಯಾವ ಪ್ರಸಂಗ ನಿಜಕ್ಕೂ ಅವನದು ಎಂದು ವಿದ್ವಾಂಸರು ಜಗಳವಾಡಿದ್ದಾರೆ; ಆಡುವವರು ಮಾತ್ರ ‘ಪಂಚವಟಿ’ಯನ್ನು ಆಡುತ್ತಲೇ ಬಂದಿದ್ದಾರೆ. ಇಲ್ಲಿನದು ತೆಂಕುತಿಟ್ಟು, ಅಂದರೆ ಯಕ್ಷಗಾನದ ತೆಂಕಣ ಶೈಲಿ. ಅದರ ಚೆಂಡೆ ಕೇರಳದ ದೇವಸ್ಥಾನಗಳಲ್ಲಿ ಬಾರಿಸುವ ಚೆಂಡೆಯ ಜಾತಿಯದೇ. ಮಾತು ಕನ್ನಡ, ಬಡಿತ ಮಲಯಾಳ ಎಂದರೆ ಭಾಗವತರು ಒಪ್ಪಲಾರರು, ಆದರೆ ದೂರದಿಂದ ಕೇಳುವವರಿಗೆ ಹಾಗೆನಿಸುವುದುಂಟು. ಯಕ್ಷಗಾನದ ಮಾತುಗಾರಿಕೆಯಾದ ಅರ್ಥಗಾರಿಕೆಯಲ್ಲಿ ಹೆಸರು ಮಾಡಿದ ಶೇಣಿ ಗೋಪಾಲಕೃಷ್ಣ ಭಟ್ಟರು, ಕುಂಬಳೆ ಸುಂದರ ರಾಯರು ಇಬ್ಬರ ಹೆಸರಿನ ಮುಂದೆಯೂ ಈ ಕಡೆಯ ಊರುಗಳೇ ಇವೆ.

ಕುಂಬಳೆಯ ಹತ್ತಿರ ಅನಂತಪುರವಿದೆ. ಕೆರೆಯ ನಡುವೆ ಗುಡಿ, ಕೆರೆಯಲ್ಲಿ ಒಂದು ಮೊಸಳೆಯಿತ್ತು. ಹೆಸರು ಬಬಿಯಾ. ನೈವೇದ್ಯದ ಅನ್ನ ಉಣ್ಣುತ್ತಿದ್ದ, ಯಾರಿಗೂ ಬಾಯಿ ಹಾಕದ ಈ ಮೊಸಳೆ 2022ರ ಅಕ್ಟೋಬರಿನಲ್ಲಿ ಸತ್ತಾಗ ಊರಿಗೆ ಊರೇ ಬಂದು ದರ್ಶನ ಮಾಡಿತು. ಮರುವರ್ಷ ಕೆರೆಯಲ್ಲಿ ಇನ್ನೊಂದು ಮೊಸಳೆ ಕಾಣಿಸಿತು.

ಕಾಸರಗೋಡಿನ ಪಕ್ಕದ ಎಡನೀರು ಮಠದ ಕತೆ ಕಾನೂನು ಓದುವವರಿಗೆ ಚೆನ್ನಾಗಿ ಗೊತ್ತು. ಭೂಸುಧಾರಣೆಯ ಕಾಯಿದೆಯಲ್ಲಿ ಮಠದ ಜಮೀನು ಹೋಗುತ್ತದೆಂದು ಕೇಶವಾನಂದ ಭಾರತೀ ಸ್ವಾಮೀಜಿ ಕೇರಳ ಸರಕಾರದ ಮೇಲೆ 1970ರಲ್ಲಿ ಸುಪ್ರೀಂ ಕೋರ್ಟಿಗೆ ಹೋದರು. 13 ನ್ಯಾಯಮೂರ್ತಿಗಳು ಕುಳಿತು ಕೇಳಿದರು. 1973ರ ಏಪ್ರಿಲ್ 24ರಂದು, 7 ಜನ ಒಂದು ಕಡೆ 6 ಜನ ಇನ್ನೊಂದು ಕಡೆಯಾಗಿ, ತೀರ್ಪು ಬಂತು: ಸಂಸತ್ತು ಸಂವಿಧಾನವನ್ನು ತಿದ್ದಬಹುದು, ಆದರೆ ಅದರ ಮೂಲ ಸ್ವರೂಪವನ್ನು ಕೆಡಿಸುವಂತಿಲ್ಲ. ಸ್ವಾಮೀಜಿ ಕೇಳಿದ್ದು ಜಮೀನು, ದೇಶಕ್ಕೆ ಸಿಕ್ಕಿದ್ದು ಬೇಲಿ.

2020ರಲ್ಲಿ ಕೊರೋನಾ ಬಂದಾಗ ತಲಪಾಡಿಯ ಗೆರೆ ನಿಜವಾದ ಗೋಡೆಯಾಯಿತು. ಕರ್ನಾಟಕ ರಸ್ತೆಗೆ ಮಣ್ಣು ಸುರಿದು ದಾರಿ ಮುಚ್ಚಿತು. ಕಾಸರಗೋಡಿಗೆ ಮಂಗಳೂರು ಸುಮಾರು 50 ಕಿಲೋಮೀಟರು. ತನ್ನದೇ ರಾಜಧಾನಿ ತಿರುವನಂತಪುರ 550ಕ್ಕೂ ಹೆಚ್ಚು. ರೋಗಿಗಳು ಗೇಟಿನಲ್ಲಿ ನಿಲ್ಲಬೇಕಾಗಿ ಬಂದು ವಿಷಯ ನ್ಯಾಯಾಲಯಕ್ಕೆ ಹೋಯಿತು. ಮರುವರ್ಷ ಮಂಜೇಶ್ವರದ ಶಾಸಕ ಎ.ಕೆ.ಎಂ. ಅಶ್ರಫ್ ಕೇರಳದ ವಿಧಾನಸಭೆಯಲ್ಲಿ ಕನ್ನಡದಲ್ಲಿ ಪ್ರಮಾಣವಚನ ತೆಗೆದುಕೊಂಡರು. ಗಡಿಯ ಕನ್ನಡ ಶಾಲೆಯೊಂದರ ಕತೆ ಬೇಕೆಂದರೆ ರಿಷಬ್ ಶೆಟ್ಟಿಯವರ 2018ರ ಸಿನಿಮಾ ಇದೆ: ‘ಸರ್ಕಾರಿ ಹಿ. ಪ್ರಾ. ಶಾಲೆ, ಕಾಸರಗೋಡು, ಕೊಡುಗೆ: ರಾಮಣ್ಣ ರೈ’. ಮಕ್ಕಳ ಚಿತ್ರವೆಂದು ರಾಷ್ಟ್ರಪ್ರಶಸ್ತಿ ಪಡೆದದ್ದು. ಮನೆಯವರೆಲ್ಲ ಕೂತು ನಕ್ಕು ನೋಡಬಹುದು.

ಇನ್ನು ಚಂದ್ರಗಿರಿ. ಕೊಡಗಿನ ಬೆಟ್ಟಗಳಿಂದ ಸುಳ್ಯದ ಮೇಲೆ ಪಯಸ್ವಿನಿಯಾಗಿ ಇಳಿದು ಕಾಸರಗೋಡಿನ ಬಳಿ ಕಡಲು ಸೇರುವ ಈ ಹೊಳೆಯೇ ತುಳುನಾಡಿನ ತೆಂಕು ಗಡಿ ಎಂಬ ಮಾತು ಹಳೆಯದು. ಮಹಾಜನ ಆಯೋಗ ಬೆರಳಿಟ್ಟದ್ದೂ ಇದರ ಮೇಲೆಯೇ. ಹೊಳೆ ದಾಟಿದರೆ ಮಲಯಾಳ ದಟ್ಟವಾಗುತ್ತದೆ. ಆದರೆ ಕೆಳದಿಯ ನಾಯಕರು ಹೊಳೆಗೆ ನಿಂತವರಲ್ಲ. ಆಚೆ ದಡದಲ್ಲಿ ಚಂದ್ರಗಿರಿ ಕೋಟೆ. ಅದಕ್ಕೂ ತೆಂಕಕ್ಕೆ ಕಡಲಿಗೆ ಕಾಲು ಚಾಚಿ ಕುಳಿತ ಬೇಕಲ ಕೋಟೆ. ಮಣಿರತ್ನಂ ‘ಬಾಂಬೆ’ ಸಿನಿಮಾದ ಹಾಡಿಗೆ ಕ್ಯಾಮರಾ ಇಟ್ಟದ್ದು ಅಲ್ಲಿಯೇ. ಇನ್ನೂ ತೆಂಕಕ್ಕೆ ಹೋದರೆ ಸೋಮಶೇಖರ ನಾಯಕ ಕಟ್ಟಿಸಿದ ಇನ್ನೊಂದು ಕೋಟೆ. ಅದು ಹೊಸದಾಗಿದ್ದಾಗ ಕನ್ನಡದವರು ಹೊಸದುರ್ಗ ಎಂದರು, ಮಲಯಾಳದವರು ಅದೇ ಅರ್ಥ ಬರುವಂತೆ ಪುದಿಯಕೋಟ ಎಂದರು. ಈಗ ರೈಲಿನಿಂದ ಅಲ್ಲಿ ಇಳಿದರೆ ನಿಲ್ದಾಣದ ಬೋರ್ಡಿನಲ್ಲಿ ಕಾಞಂಗಾಡ್ ಎಂದಿರುತ್ತದೆ, ಆಟೋದವನು ಪುದಿಯಕೋಟ ಎನ್ನುತ್ತಾನೆ, ತಾಲೂಕು ಕಚೇರಿಯ ಕಾಗದದ ಮೇಲೆ ಇವತ್ತಿಗೂ ಹೊಸದುರ್ಗ.